ವೆಬ್‌ಸೈಟ್ ಇದೆ, ಗಿರಾಕಿ ಯಾಕೆ ಬರಲಿಲ್ಲ?

ನಮ್ಮದು ಸಿಂಧನೂರು–ಮಸ್ಕಿ ನಡುವಿನ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ನಾಲ್ಕು ಎಕರೆ ಭತ್ತ. ನಮ್ಮ ಕಡೆ ಭತ್ತದ ವ್ಯಾಪಾರ 75 ಕಿಲೋ ಚೀಲದ ಲೆಕ್ಕ. ಸುಗ್ಗಿಯಲ್ಲಿ ಎಲ್ಲರ ಮಾಲೂ ಒಟ್ಟಿಗೇ ಬರುತ್ತದೆ. ಆಗ ಅಡ್ತಿ ಅಂಗಡಿಯವರು ಹೇಳಿದ್ದೇ ರೇಟು.

ಅದೇ ಭತ್ತವನ್ನು ಗಿರಣಿಗೆ ಹಾಕಿಸಿ, ಅಕ್ಕಿ ಮಾಡಿಸಿ, ಉಣ್ಣುವವರಿಗೇ ನೇರ ಕೊಟ್ಟರೆ ಹೇಗೆ? 100 ಕಿಲೋ ಭತ್ತಕ್ಕೆ ನುಚ್ಚು ಸೇರಿ 65 ಕಿಲೋ ಆಸುಪಾಸು ಅಕ್ಕಿ. ತೌಡು ಮನೆಯ ದನಕ್ಕೆ. ಗಿರಣಿ ಖರ್ಚು, ಚೀಲ, ಲಾರಿ ಬಾಡಿಗೆ ಕಳೆದರೂ ಕೈಗೆ ಉಳಿಯುವುದು ಹೆಚ್ಚು. ಈ ಲೆಕ್ಕ ಹಾಕಿಯೇ ಮೂರು ವರ್ಷದ ಹಿಂದೆ 18 ಸಾವಿರ ರೂಪಾಯಿ ಕೊಟ್ಟು ವೆಬ್‌ಸೈಟ್ ಮಾಡಿಸಿದೆ. ತೆರೆದರೆ ಹಸಿರು ಗದ್ದೆ, ಹಿಂದೆ ಸೂರ್ಯೋದಯ, ಮೇಲೆ ದೊಡ್ಡ ಅಕ್ಷರದಲ್ಲಿ 'ಸುಸ್ವಾಗತ'. ಮನೆಯವರೆಲ್ಲ ನೋಡಿ ಖುಷಿಪಟ್ಟರು. ಎರಡು ವರ್ಷ ಕಳೆದರೂ ಅದನ್ನು ನೋಡಿ ಫೋನ್ ಮಾಡಿದವರು ಒಬ್ಬರೂ ಇಲ್ಲ.

ಬೆಂಗಳೂರಿನಲ್ಲಿರುವ ನಮ್ಮೂರ ಹೆಣ್ಣುಮಗಳೊಬ್ಬಳು ಜಾತ್ರೆಗೆ ಬಂದಾಗ ಮಾತಿಗೆ ಮಾತು ಬಂತು. "ಅಣ್ಣಾ, ಸಿಂಧನೂರು ಅಕ್ಕಿ ಬೇಕು ಅಂತ ಫೋನಿನಾಗ ಹುಡುಕಿ ಯಾರೋ ವ್ಯಾಪಾರಿ ಕಡೆ ತಗೊಂಡೆ. ನೀವೂ ಮಾರ್ತೀರಿ ಅನ್ನೋದು ಗೊತ್ತೇ ಇರ್ಲಿಲ್ಲ ನೋಡ್ರಿ" ಎಂದಳು. ನಮ್ಮೂರವಳಿಗೇ ನಾನು ಸಿಗಲಿಲ್ಲವೆಂದರೆ ಗುರುತಿಲ್ಲದವರಿಗೆ ಸಿಗುವುದು ಎಲ್ಲಿಂದ? ತಪ್ಪು ಎಲ್ಲಿದೆ ಎಂದು ಹುಡುಕಲು ಹೊರಟದ್ದು ಅವತ್ತು.

ಕಂಪ್ಯೂಟರ್ ಕಲಿತ ಅಕ್ಕನ ಮಗ ಜೊತೆಗೆ ಕುಳಿತ. ಒಂದು ಮಳೆಗಾಲ ಪೂರ್ತಿ ಇಬ್ಬರೂ ಅದರಲ್ಲೇ ಕಳೆದೆವು. ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಇದಕ್ಕೆ ಎಸ್‌ಇಒ, ಅಂದರೆ ಸರ್ಚ್ ಎಂಜಿನ್ ಆಪ್ಟಿಮೈಸೇಶನ್ ಎಂಬ ದೊಡ್ಡ ಹೆಸರಿದೆ. ಹುಡುಕಿದವರಿಗೆ ನಾವು ಸಿಗುವ ಹಾಗೆ ಮಾಡುವುದು, ಅಷ್ಟೇ ಅದರ ಅರ್ಥ. ಅದರಲ್ಲಿ ನಮ್ಮ ಸೈಟಿನ ಒಳಗೇ ಮಾಡಿಕೊಳ್ಳುವ ಕೆಲಸ ಒಂದಿಷ್ಟಿದೆ. ದುಡ್ಡು ಬೇಡ, ತಾಳ್ಮೆ ಬೇಕು. ಅದನ್ನಷ್ಟೇ ಬರೆಯುತ್ತೇನೆ.

ಗೂಗಲ್ ಹುಡುಕುವುದು ಹೇಗೆ?

ನಾವು ಪ್ರಶ್ನೆ ಹಾಕಿದ ಕ್ಷಣ ಗೂಗಲ್ ಲೋಕದ ಸೈಟುಗಳನ್ನೆಲ್ಲ ತಿರುಗಿ ನೋಡಿ ಬರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅದು ಮೂರು ಹಂತದ ಕೆಲಸ.

ಮೊದಲನೆಯದು ತಿರುಗಾಟ. ಗೂಗಲಿನ ಒಂದು ಪ್ರೋಗ್ರಾಂ ಹಗಲು ರಾತ್ರಿ ಪುಟದಿಂದ ಪುಟಕ್ಕೆ, ಲಿಂಕ್ ಹಿಡಿದು ಹೋಗುತ್ತಿರುತ್ತದೆ. ಎರಡನೆಯದು ದಾಖಲೆ. ಓದಿದ ಪುಟ ಯಾವ ವಿಷಯದ್ದು ಎಂದು ತಿಳಿದು ತನ್ನ ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತದೆ. ಇದಕ್ಕೆ ಇಂಡೆಕ್ಸ್ ಎನ್ನುತ್ತಾರೆ. ಮೂರನೆಯದು ಉತ್ತರ. ಯಾರಾದರೂ ಕೇಳಿದಾಗ ಆ ಪಟ್ಟಿಯಿಂದ ತಕ್ಕದ್ದನ್ನು ಆರಿಸಿ, ಮೇಲೆ ಕೆಳಗೆ ಜೋಡಿಸಿ ಕೊಡುತ್ತದೆ. ಈಗೀಗ ಮೇಲ್ಗಡೆ ತಾನೇ ನಾಲ್ಕು ಸಾಲಿನ ಉತ್ತರ ಬರೆದು ತೋರಿಸುವುದೂ ಇದೆ. ಆ ಉತ್ತರಕ್ಕೂ ಆಧಾರ ಇಂಥ ಪುಟಗಳೇ.

ನಮ್ಮ ಪುಟ ಕಾಣಿಸದಿದ್ದರೆ ಈ ಮೂರರಲ್ಲಿ ಯಾವ ಹಂತದಲ್ಲಿ ನಿಂತಿದೆ ಎಂದು ಮೊದಲು ನೋಡಬೇಕು. ಹೊಲಕ್ಕೆ ನೀರು ಬರದಿದ್ದರೆ ತೂಬಿನಿಂದ ಹಿಡಿದು ಬದುವಿನ ತನಕ ನಡೆದು ನೋಡುತ್ತೇವಲ್ಲ, ಹಾಗೆ.

ತೂಬೇ ಮುಚ್ಚಿತ್ತು!

ಪರೀಕ್ಷೆ ಸುಲಭ. ಗೂಗಲಿನಲ್ಲಿ 'ಸೈಟ್' ಎಂದು ಇಂಗ್ಲಿಷಿನ ನಾಲ್ಕು ಅಕ್ಷರ ಬರೆದು, ಕೋಲನ್ ಎಂಬ ಎರಡು ಚುಕ್ಕಿ ಹಾಕಿ, ಜಾಗ ಬಿಡದೆ ನಿಮ್ಮ ಸೈಟಿನ ವಿಳಾಸ ಬರೆಯಿರಿ. ಗೂಗಲಿನ ಪಟ್ಟಿಯಲ್ಲಿರುವ ನಿಮ್ಮ ಪುಟಗಳು ಬರುತ್ತವೆ. ಎಲ್ಲವೂ ಬರಲೇಬೇಕೆಂದಿಲ್ಲ, ಆದರೆ ಅಂದಾಜು ಸಿಗುತ್ತದೆ.

ನಾನು ಬರೆದೆ. ಒಂದೂ ಬರಲಿಲ್ಲ.

"ಮಾವಾ, ಇದು ಹಿಂದ ಮುಂದ ಅನ್ನೋ ಪ್ರಶ್ನೆ ಅಲ್ರಿ. ನೀವು ಪಟ್ಟಿನಾಗs ಇಲ್ಲ" ಎಂದ ಅಳಿಯ.

ನನ್ನ ಸೈಟ್ ವರ್ಡ್‌ಪ್ರೆಸ್ ಎಂಬುದರಲ್ಲಿ ಕಟ್ಟಿದ್ದು. ಅದರ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಎಂಬ ವಿಭಾಗವಿದೆ. ಅಲ್ಲಿ, ಸರ್ಚ್ ಎಂಜಿನ್‌ಗಳು ಈ ಸೈಟನ್ನು ಪಟ್ಟಿಗೆ ಸೇರಿಸಿಕೊಳ್ಳುವುದು ಬೇಡ ಎಂದು ಹೇಳುವ ಒಂದು ಚೌಕ ಇರುತ್ತದೆ. ಕಟ್ಟುವ ಕೆಲಸ ನಡೆದಿರುವಾಗ ಅರ್ಧಂಬರ್ಧ ಪುಟ ಜನರಿಗೆ ಕಾಣಬಾರದೆಂದು ಅದಕ್ಕೆ ಗುರುತು ಹಾಕಿರುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಬೇಕು. ನನ್ನ ಸೈಟ್ ಮಾಡಿಕೊಟ್ಟವರು ತೆಗೆಯಲು ಮರೆತಿದ್ದರು. ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಎರಡು ವರ್ಷ ನಾನೇ ಬಾಗಿಲಿಗೆ 'ಒಳಗೆ ಬರಬೇಡಿ' ಎಂದು ಚೀಟಿ ಅಂಟಿಸಿ ಗಿರಾಕಿಗೆ ಕಾದು ಕುಳಿತಂತಾಯಿತು.

ಆ ಗುರುತು ತೆಗೆಯಲು ಬೇಕಾದದ್ದು ಅರ್ಧ ನಿಮಿಷ. ಬೇರೆ ರೀತಿಯಲ್ಲಿ ಕಟ್ಟಿದ ಸೈಟುಗಳಲ್ಲೂ 'ನೋಇಂಡೆಕ್ಸ್' ಎಂಬ ಮಾತು ಪುಟದ ಒಳಗೆ ಉಳಿದುಕೊಂಡಿರಬಹುದು. ಮಾಡಿಕೊಟ್ಟವರನ್ನು ಕೇಳಿ, ಎದುರಿಗೇ ತೆಗೆಸಿರಿ.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್ ಎಂಬಲ್ಲಿ ಹೆಸರು ನೋಂದಾಯಿಸಿದೆವು. ಇದು ಉಚಿತ. ಸೈಟ್ ನಮ್ಮದೇ ಎಂದು ರುಜುವಾತು ಕೊಡಬೇಕು. ನಂತರ ಸೈಟ್‌ಮ್ಯಾಪ್ ಎಂಬ ಪುಟಗಳ ಪಟ್ಟಿಯನ್ನು ಅಲ್ಲಿ ಕೊಟ್ಟರೆ ಗೂಗಲಿಗೆ ದಾರಿ ತಿಳಿಯುತ್ತದೆ. ಕೊಟ್ಟ ಮರುದಿನವೇ ಫಲ ಬರಲಿಲ್ಲವೆಂದು ಗಾಬರಿ ಬೇಡ. ಕೆಲವು ದಿನದಿಂದ ಕೆಲವು ವಾರದ ತನಕ ಹಿಡಿಯಬಹುದು.

ಮಸ್ಕಿ ಬಂಡೆ ಕಲಿಸಿದ ಪಾಠ

ಪಟ್ಟಿಯಲ್ಲೇನೋ ಸೇರಿದೆವು. ಆದರೂ 'ಸಿಂಧನೂರು ಅಕ್ಕಿ' ಎಂದು ಕೇಳಿದರೆ ನಾವು ಎಲ್ಲೋ ಹಿಂದೆ. ಕಾರಣ ಹುಡುಕಿದಾಗ ಕಂಡದ್ದು ಟೈಟಲ್.

ಪ್ರತಿ ಪುಟಕ್ಕೂ ಒಂದು ಟೈಟಲ್ ಇರುತ್ತದೆ. ಗೂಗಲ್ ಪಟ್ಟಿಯಲ್ಲಿ ದಪ್ಪಗೆ ಕಾಣುವ, ನಾವು ಬೆರಳಿಡುವ ಸಾಲು ಹೆಚ್ಚಾಗಿ ಅದೇ. ನನ್ನ ಮುಖಪುಟದ ಟೈಟಲ್ 'ಹೋಮ್' ಎಂದಿತ್ತು. ಒಳಗಿನ ಶೀರ್ಷಿಕೆ 'ಸುಸ್ವಾಗತ'. ಅದರ ಕೆಳಗೆ 'ಅನ್ನದಾತನ ಬೆವರಿನ ಫಲ, ನಿಮ್ಮ ಮನೆಗೆ' ಎಂದು ನಾನೇ ಬರೆಸಿದ ಸಾಲು. ಮಾತು ಚೆಂದ. ಆದರೆ ಇಡೀ ಪುಟದಲ್ಲಿ 'ಅಕ್ಕಿ' ಎಂಬ ಶಬ್ದ ಎಲ್ಲಿತ್ತು? 'ಸಿಂಧನೂರು' ಎಲ್ಲಿತ್ತು? ವಿಳಾಸದ ಸಾಲಿನಲ್ಲಿ ಒಮ್ಮೆ, ಅಷ್ಟೇ.

ನಮ್ಮ ಮಸ್ಕಿಯ ಬಂಡೆ ಶಾಸನ ನಿಮಗೆ ಗೊತ್ತಿರಬಹುದು. ದುರ್ಗದ ಗುಡ್ಡದಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಂಡದ್ದು. ಅದಕ್ಕೂ ಮೊದಲು ಉತ್ತರದಿಂದ ದಕ್ಷಿಣದ ತನಕ ಇಂಥ ಶಾಸನಗಳು ಎಷ್ಟೋ ಸಿಕ್ಕಿದ್ದವು. ಬ್ರಾಹ್ಮಿ ಲಿಪಿಯನ್ನು ಪ್ರಿನ್ಸೆಪ್ 1837ರಲ್ಲೇ ಓದಿದ್ದರು. ಆದರೆ ಆ ಶಾಸನಗಳಲ್ಲಿ ಇದ್ದದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು. ಆ ದೊರೆ ಅಶೋಕನೇ ಎಂದು ಸಿಂಹಳದ ಹಳೆಯ ಗ್ರಂಥಗಳನ್ನು ತಾಳೆ ನೋಡಿ ಊಹಿಸಿದ್ದರು. ಬಿರುದಿನ ಜೊತೆ 'ಅಶೋಕ' ಎಂಬ ಹೆಸರೂ ಇದ್ದ ಶಾಸನ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಊಹೆ ಗಟ್ಟಿಯಾಯಿತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಅದೇ ದೊರೆಯ ಶಾಸನಗಳಿವೆ, ಅವುಗಳಲ್ಲಿ ಬಿರುದು ಮಾತ್ರ.

ನನ್ನ ಪುಟದ ಮೇಲೂ ಬಿರುದು ಮಾತ್ರ ಇತ್ತು, ಹೆಸರಿರಲಿಲ್ಲ. ಹುಡುಕುವವರು 'ಅನ್ನದಾತನ ಬೆವರು' ಎಂದು ಹುಡುಕುವುದಿಲ್ಲ. 'ಸೋನಾ ಅಕ್ಕಿ 25 ಕೆಜಿ' ಎಂದು ಹುಡುಕುತ್ತಾರೆ.

ಟೈಟಲನ್ನು 'ಬಿಪಿಟಿ ಸೋನಾ ಅಕ್ಕಿ, ಸಿಂಧನೂರು – ರೈತರಿಂದ ನೇರ' ಎಂದು ಬದಲಿಸಿದೆವು. ಸರಕು ಯಾವುದು, ಊರು ಯಾವುದು, ಕೊಡುವವರು ಯಾರು, ಮೂರೂ ಒಂದೇ ಸಾಲಿನಲ್ಲಿ. ಟೈಟಲ್ ಇಷ್ಟೇ ಉದ್ದ ಇರಬೇಕೆಂಬ ಕಾನೂನಿಲ್ಲ. ಆದರೆ ಫೋನಿನಲ್ಲಿ ಜಾಗ ಕಡಿಮೆ, 60 ಅಕ್ಷರ ದಾಟಿದರೆ ಬಾಲ ಕತ್ತರಿಸಿ ಹೋಗುವುದುಂಟು. ಮುಖ್ಯವಾದದ್ದು ಮುಂದೆ ಇರಲಿ. ಎಲ್ಲ ಪುಟಕ್ಕೂ ಒಂದೇ ಟೈಟಲ್ ಹಾಕಬೇಡಿ.

ಟೈಟಲಿನ ಕೆಳಗೆ ಎರಡು ಸಾಲಿನ ವಿವರಣೆ ಕಾಣುತ್ತದೆ. ಇದನ್ನೂ ನಾವೇ ಬರೆದಿಡಬಹುದು. ಹೆಸರು ಮೆಟಾ ಡಿಸ್ಕ್ರಿಪ್ಷನ್. ಇದರಿಂದ ನಾವು ಮೇಲೇನೂ ಏರುವುದಿಲ್ಲ. ಗೂಗಲ್ ಬೇಕಾದರೆ ಬಳಸುತ್ತದೆ, ಬೇಡವಾದರೆ ಪುಟದಿಂದ ಬೇರೆ ಸಾಲು ಎತ್ತಿಕೊಳ್ಳುತ್ತದೆ. ಆದರೂ ಚೀಲದ ತೂಕ, ಎಲ್ಲಿಗೆ ಕಳಿಸುತ್ತೇವೆ ಎಂಬುದು ಅಲ್ಲಿದ್ದರೆ ಓದಿದವರು ಒಳಗೆ ಬರುವ ಮನಸ್ಸು ಮಾಡುತ್ತಾರೆ.

ಒಂದು ಸರಕಿಗೆ ಒಂದು ಪುಟ

ಮೊದಲು ನನ್ನ ಸೈಟಿನಲ್ಲಿ ಎಲ್ಲವೂ ಒಂದೇ ಪುಟದಲ್ಲಿ ಇತ್ತು. ಅಕ್ಕಿ, ನುಚ್ಚು, ಮನೆಯ ಎಮ್ಮೆ ತುಪ್ಪ, ನಮ್ಮ ತಂದೆಯವರ ಫೋಟೋ. ಈಗ ಒಂದೊಂದಕ್ಕೂ ಒಂದು ಪುಟ ಮಾಡಿದ್ದೇವೆ.

ಅಕ್ಕಿಯಲ್ಲೂ ತಳಿವಾರು ಬೇರೆ. ನಮ್ಮ ಕಡೆ 'ಸೋನಾ' ಎಂದು ಕರೆಯುವುದರಲ್ಲಿ ಬಿಪಿಟಿ 5204 ಸೇರಿಕೊಂಡುಬಿಡುತ್ತದೆ. ಅದರ ಸರಿಯಾದ ಹೆಸರು ಸಾಂಬಾ ಮಹಸೂರಿ. ಆರ್‌ಎನ್‌ಆರ್ 15048 ಬೇರೆ ತಳಿ, ತೆಲಂಗಾಣ ಸೋನಾ ಎನ್ನುವುದು ಅದನ್ನೇ. ಜನ ಬಳಸುವ ಹೆಸರು, ತಳಿಯ ನಿಜ ಹೆಸರು, ಎರಡನ್ನೂ ಪುಟದಲ್ಲಿ ಬರೆದು ವ್ಯತ್ಯಾಸ ಹೇಳಿದ್ದೇನೆ. ಹುಡುಕುವವರಿಗೂ ಸಿಗುತ್ತದೆ, ನಾವು ಸುಳ್ಳು ಹೇಳಿದಂತೆಯೂ ಆಗುವುದಿಲ್ಲ.

ಪುಟದ ಒಳಗೆ ಒಂದು ದೊಡ್ಡ ಶೀರ್ಷಿಕೆ ಇರಲಿ. ಅದರ ಕೆಳಗೆ ಸಣ್ಣ ಉಪಶೀರ್ಷಿಕೆಗಳು. ಉಪಶೀರ್ಷಿಕೆಗೆ ಏನು ಹಾಕುವುದೆಂದು ತಿಳಿಯದಿದ್ದರೆ ಗಿರಾಕಿ ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನೇ ಹಾಕಿ. 'ಹೊಸ ಅಕ್ಕಿಯೋ, ಹಳೆಯದೋ?' 'ಪಾಲಿಶ್ ಎಷ್ಟು ಮಾಡಿಸಿದ್ದೀರಿ?' 'ಕುಕ್ಕರಿಗೆ ನೀರು ಎಷ್ಟು ಇಡಬೇಕು?' 'ಹುಳ ಬೀಳದ ಹಾಗೆ ಇಡುವುದು ಹೇಗೆ?' ಇವಕ್ಕೆ ಉತ್ತರ ಬರೆಯಲು ನಮಗಿಂತ ಬಲ್ಲವರು ಯಾರು? ವ್ಯಾಪಾರಿಗೆ ಚೀಲದ ಲೆಕ್ಕ ಗೊತ್ತು. ಯಾವ ತಿಂಗಳು ನಾಟಿ, ಯಾವ ತಿಂಗಳು ಕೊಯ್ಲು, ಎಷ್ಟು ದಿನ ಒಣಗಿಸಿದ್ದು ಎಂಬುದು ಬೆಳೆದವನಿಗೇ ಗೊತ್ತು. ಬೇರೆ ಕಡೆ ಸಿಗದ ಮಾತು ನಮ್ಮ ಪುಟದಲ್ಲಿದ್ದರೆ ಅದೇ ನಮ್ಮ ಬಂಡವಾಳ.

ಊರಿನ ಹೆಸರಿಗೆ ಹತ್ತು ಸ್ಪೆಲ್ಲಿಂಗು

ಜನ ಕನ್ನಡದಲ್ಲೂ ಹುಡುಕುತ್ತಾರೆ, ಇಂಗ್ಲಿಷ್ ಅಕ್ಷರದಲ್ಲೂ ಹುಡುಕುತ್ತಾರೆ. 2017ರಿಂದ ಗೂಗಲಿಗೆ ಕನ್ನಡದಲ್ಲಿ ಬಾಯಿಂದ ಹೇಳಿದರೂ ತಿಳಿಯುತ್ತದೆ. ಬರೆಯಲು ಬಾರದ ನಮ್ಮಮ್ಮ ಕೂಡ ಫೋನಿಗೆ ಹೇಳಿಯೇ ಹುಡುಕುತ್ತಾಳೆ.

ತೊಡಕಿರುವುದು ಇಂಗ್ಲಿಷ್ ಅಕ್ಷರದಲ್ಲಿ. ಸಿಂಧನೂರಿಗೆ 'ಡಿ' ಮುಂದೆ 'ಎಚ್' ಹಾಕುವವರಿದ್ದಾರೆ, ಬಿಡುವವರಿದ್ದಾರೆ. ಅದರ ಮುಂದಿನ 'ಎ' ನುಂಗುವವರೂ ಇದ್ದಾರೆ. ಲಿಂಗಸುಗೂರಿನಲ್ಲಿ 'ಜಿ' ಆದ ಮೇಲೆ 'ಎ' ಒಂದು ಬೋರ್ಡಿನಲ್ಲಿ ಇದ್ದರೆ ಇನ್ನೊಂದರಲ್ಲಿ ಇಲ್ಲ. ಮಸೂರಿಗೆ 'ಯು' ಒಂದೋ, 'ಓ' ಎರಡೋ, ನಡುವೆ 'ಎಚ್' ಬೇಕೋ ಬೇಡವೋ, ಒಬ್ಬೊಬ್ಬರದು ಒಂದೊಂದು ರೀತಿ.

ಗೂಗಲ್ ಇವನ್ನು ಬಹುಪಾಲು ತಾನೇ ಹೊಂದಿಸಿಕೊಳ್ಳುತ್ತದೆ. ಆದರೂ ನಾವು ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಪುಟ ಮಾಡಿ ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಟ್ಟಿದ್ದೇವೆ. ಇಂಗ್ಲಿಷ್ ಪುಟದಲ್ಲಿ ಹೆಚ್ಚು ಬಳಕೆಯ ಸ್ಪೆಲ್ಲಿಂಗ್ ಟೈಟಲಿಗೆ, ಇನ್ನೊಂದು ಬಗೆಯದು ವಿಳಾಸದ ಸಾಲಿನಲ್ಲಿ ಒಮ್ಮೆ. ಮಸ್ಕಿ ಮೊದಲು ಲಿಂಗಸುಗೂರು ತಾಲೂಕಿನಲ್ಲಿತ್ತು, ಈಗ ತಾನೇ ತಾಲೂಕು. ಹಳೆಯ ತಾಲೂಕಿನ ಹೆಸರಿನಲ್ಲಿ ಹುಡುಕುವವರು ಇನ್ನೂ ಇದ್ದಾರೆ. ಆದ್ದರಿಂದ 'ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಮನೆಗೇ ತಂದುಕೊಡುತ್ತೇವೆ' ಎಂದು ಒಂದು ವಾಕ್ಯ ಬರೆದಿದ್ದೇವೆ. ಮೂರೂ ಊರು ಒಂದೇ ಹೆದ್ದಾರಿಯಲ್ಲಿವೆ. ಹಾಗಾಗಿ ನಿಜಕ್ಕೂ ಕೊಡುತ್ತೇವೆ. ಕೊಡದ ಊರಿನ ಹೆಸರು ಹಾಕಬೇಡಿ.

ಕಣ್ಣಿಗೆ ಅಕ್ಷರ, ಗೂಗಲಿಗೆ ಗೀಚು

ಲಿಂಗಸುಗೂರು ಕಡೆಯ ಗೆಳೆಯರೊಬ್ಬರು ತೊಗರಿ ಬೆಳೆದು, ಬೇಳೆ ಮಾಡಿ ಮಾರುತ್ತಾರೆ. ಅವರ ಸೈಟಿನಲ್ಲಿ ಕನ್ನಡ ತುಂಬಾ ಇತ್ತು, ತಿದ್ದಿ ಬರೆದದ್ದು. ಆದರೆ ಕನ್ನಡದಲ್ಲಿ ಹುಡುಕಿದರೆ ಒಂದಕ್ಷರವೂ ಸಿಗುತ್ತಿರಲಿಲ್ಲ.

ಕಾರಣ ಎರಡು. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನೇ ಸೈಟಿಗೆ ಏರಿಸಿದ್ದರು. ಹಳೆಯ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಗುರುತುಗಳ ಸಂಕೇತ. ಮೇಲೆ ಕನ್ನಡದ ಅಂಗಿ ತೊಡಿಸಿರುತ್ತಾರೆ. ನಮ್ಮ ಕಣ್ಣಿಗೆ 'ತೊಗರಿ', ಗೂಗಲಿಗೆ ಅರ್ಥವಿಲ್ಲದ ಗೀಚು. ಸೈಟಿಗೆ ಯೂನಿಕೋಡ್ ಕನ್ನಡವೇ ಬೇಕು. ಹೊಸ ನುಡಿಯಲ್ಲಿ ಯೂನಿಕೋಡ್ ಬರುತ್ತದೆ, ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡೇ. ಪರೀಕ್ಷೆ ಹೀಗೆ: ಸೈಟಿನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಯಾರಿಗಾದರೂ ಕಳಿಸಿ. ಕನ್ನಡವಾಗಿಯೇ ಹೋದರೆ ಸರಿ. ಚಿಹ್ನೆ ಚಿಹ್ನೆ ಬಂದರೆ ಹಳೆಯ ಫಾಂಟು. ಅದನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರುಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಓದಿ ತಿದ್ದಿಕೊಳ್ಳಿ.

ಎರಡನೆಯ ಕಾರಣ, ದರಪಟ್ಟಿಯನ್ನು ಬಣ್ಣದ ಚಿತ್ರವಾಗಿ ಮಾಡಿ ಹಾಕಿದ್ದು. ಚಿತ್ರದೊಳಗಿನ ಬರಹವನ್ನು ಗೂಗಲ್ ಪುಟದ ಬರಹದ ಹಾಗೆ ಓದುತ್ತದೆಂದು ನಂಬಿ ಕೂರಬಾರದು. ಸರಕಿನ ಹೆಸರು, ತೂಕ, ದರ, ಫೋನ್ ನಂಬರು ಇವು ಬರಹವಾಗಿಯೇ ಇರಲಿ. ಆಗ ಗಿರಾಕಿಯೂ ನಂಬರಿನ ಮೇಲೆ ಬೆರಳಿಟ್ಟು ಫೋನ್ ಮಾಡಬಹುದು.

ಫೋಟೋ ಮತ್ತು ಫೋನು

ಫೋಟೋ ಬೇಡವೆಂದಲ್ಲ. ಗದ್ದೆಯದು, ಕಣದ್ದು, ಅಂಗೈ ಮೇಲಿನ ಅಕ್ಕಿಯದು ಧಾರಾಳ ಹಾಕಿ. ಆದರೆ ಫೋನಿನಲ್ಲಿ ತೆಗೆದದ್ದನ್ನು ಹಾಗೆಯೇ ಏರಿಸಿದರೆ ಒಂದೊಂದೂ ನಾಲ್ಕೈದು ಎಂಬಿ ತೂಗುತ್ತದೆ. ನೆಟ್‌ವರ್ಕ್ ಕಡಿಮೆ ಇರುವ ಕಡೆ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾನೆ. ಚಿತ್ರ ಕಿರಿದು ಮಾಡುವ ಉಚಿತ ಸಾಧನಗಳಿವೆ. ನಾವು ಪ್ರತಿಯೊಂದನ್ನೂ 200 ಕೆಬಿ ಒಳಗೆ ತಂದೆವು. ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ.

ಚಿತ್ರದ ಜೊತೆ ಆಲ್ಟ್ ಎಂಬ ಒಂದು ಸಾಲು ಬರೆಯಲು ಜಾಗ ಇರುತ್ತದೆ. ಕಣ್ಣು ಕಾಣದವರಿಗೆ ಫೋನು ಓದಿ ಹೇಳುವುದು ಇದನ್ನೇ. ಗೂಗಲಿಗೂ ಚಿತ್ರದಲ್ಲಿ ಏನಿದೆ ಎಂದು ತಿಳಿಯಲು ಇದು ನೆರವು. '25 ಕಿಲೋ ಚೀಲದಲ್ಲಿ ಬಿಪಿಟಿ ಸೋನಾ ಅಕ್ಕಿ' ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕು.

ಗೂಗಲ್ ಈಗ ಸೈಟನ್ನು ಓದುವುದು ಫೋನಿನಲ್ಲಿ ಕಾಣುವ ರೂಪದಲ್ಲೇ. ಮಾಡಿಕೊಟ್ಟವರು ದೊಡ್ಡ ಕಂಪ್ಯೂಟರಿನಲ್ಲಿ ತೋರಿಸಿ ಒಪ್ಪಿಗೆ ಕೇಳುತ್ತಾರೆ. ನೀವು ನಿಮ್ಮ ಫೋನಿನಲ್ಲಿ, ಹೊಲದಲ್ಲಿ ನಿಂತು ತೆರೆದು ನೋಡಿ ಒಪ್ಪಿರಿ. ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಎಂಬುದರ ಕೊನೆಯ 'ಎಸ್' ಇದೆಯೇ ನೋಡಿ. ಇಲ್ಲದಿದ್ದರೆ ಈ ಸೈಟು ಸುರಕ್ಷಿತವಲ್ಲ ಎಂದು ಫೋನು ಹೇಳುತ್ತದೆ. ಅದನ್ನು ಓದಿದ ಮೇಲೆ ದುಡ್ಡು ಕಳಿಸುವವರು ಯಾರು? ಅದಕ್ಕೆ ಬೇಕಾದ ಸರ್ಟಿಫಿಕೇಟ್ ಉಚಿತವಾಗಿ ಸಿಗುತ್ತದೆ.

ಕಾಲುವೆ ಕೊನೆಯ ಪುಟ

ಗೂಗಲ್ ಲಿಂಕ್ ಹಿಡಿದು ತಿರುಗುತ್ತದೆ ಎಂದೆನಲ್ಲ. ಯಾವ ಪುಟದಿಂದಲೂ ಲಿಂಕ್ ಇಲ್ಲದ ಪುಟ ಕಾಲುವೆ ಕೊನೆಯ ಭಾಗದ ಹೊಲ ಇದ್ದ ಹಾಗೆ. ನೀರು ಮುಟ್ಟಿದರೆ ಮುಟ್ಟಿತು, ಇಲ್ಲವಾದರೆ ಇಲ್ಲ. ನಮ್ಮ ನುಚ್ಚಿನ ಪುಟ ಹೀಗೇ ಬಿದ್ದಿತ್ತು. ಅಕ್ಕಿ ಪುಟದ ಕೆಳಗೆ 'ಇಡ್ಲಿಗೆ ನುಚ್ಚು ಬೇಕಾದವರು ಇಲ್ಲಿ ನೋಡಿ' ಎಂದು ಲಿಂಕ್ ಕೊಟ್ಟ ಮೇಲೆ ಅದೂ ಪಟ್ಟಿಗೆ ಸೇರಿತು. ಲಿಂಕಿನ ಮೇಲೆ ಬರೀ 'ಇಲ್ಲಿ ಒತ್ತಿ' ಎಂದು ಬರೆಯುವುದಕ್ಕಿಂತ ಅಲ್ಲಿ ಏನಿದೆ ಎಂದು ಬರೆಯುವುದು ಲೇಸು.

ಪುಟದ ವಿಳಾಸವೂ ಚಿಕ್ಕದಾಗಿ, ಓದಿದರೆ ತಿಳಿಯುವಂತೆ ಇರಲಿ. ಒಮ್ಮೆ ಇಟ್ಟದ್ದನ್ನು ಪದೇ ಪದೇ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ರೀಡೈರೆಕ್ಟ್ ಹಾಕಿಸಿ.

ಮೋಸ ಹೋಗಬೇಡಿ

ಸೈಟ್ ಇದೆ ಎಂದು ಗೊತ್ತಾದರೆ ಫೋನುಗಳು ಬರತೊಡಗುತ್ತವೆ. "ತಿಂಗಳಿಗೆ ಮೂರು ಸಾವಿರ ಕೊಡಿ, ಗೂಗಲಿನಲ್ಲಿ ಮೊದಲನೇ ನಂಬರ್ ಗ್ಯಾರಂಟಿ" ಎನ್ನುತ್ತಾರೆ. ನನಗೂ ಬಂತು. ಹಾಗೆ ಗ್ಯಾರಂಟಿ ಕೊಡಲು ಯಾರಿಂದಲೂ ಆಗದು ಎಂದು ಗೂಗಲೇ ಹೇಳುತ್ತದೆ. ಪಟ್ಟಿಯಲ್ಲಿ ಸೇರಿಸಲು, ಮೇಲೆ ತರಲು ಗೂಗಲ್ ದುಡ್ಡು ತೆಗೆದುಕೊಳ್ಳುವುದಿಲ್ಲ. ಜಾಹೀರಾತಿನ ದಾರಿ ಬೇರೆ, ಅದರ ಮೇಲೆ ಜಾಹೀರಾತು ಎಂದೇ ಬರೆದಿರುತ್ತದೆ.

ಇನ್ನು ಕೆಲವರು ಪುಟದ ತುಂಬಾ 'ಸಿಂಧನೂರು ಅಕ್ಕಿ, ಸಿಂಧನೂರು ಅಕ್ಕಿ' ಎಂದು ತುಂಬಿಸಲು ಹೇಳುತ್ತಾರೆ. ಯೂರಿಯಾ ಹೆಚ್ಚಾದ ಗದ್ದೆ ಕಡುಹಸಿರಾಗಿ ಬೆಳೆದು, ತೆನೆ ಹಾಲು ತುಂಬುವ ಹೊತ್ತಿಗೆ ನೆಲ ಹಿಡಿಯುವುದಿಲ್ಲವೇ? ಇದೂ ಹಾಗೆ. ಇಂಥ ತುರುಕುವಿಕೆಯನ್ನು ಗೂಗಲ್ ಮೋಸವೆಂದೇ ಎಣಿಸಿ ಕೆಳಗೆ ತಳ್ಳುತ್ತದೆ. ಕೀವರ್ಡ್ಸ್ ಎಂಬ ಗುಪ್ತ ಪಟ್ಟಿಯನ್ನು ತಾನು ನೋಡುವುದೇ ಇಲ್ಲವೆಂದು 2009ರಲ್ಲೇ ಅದು ಹೇಳಿತು. ಆದರೂ ಅದಕ್ಕೆ ಇಂದಿಗೂ ದುಡ್ಡು ಕೇಳುವವರಿದ್ದಾರೆ.

ಇನ್ನೊಂದು ಮಾತು. ಸೈಟಿನ ಹೆಸರು, ಅಂದರೆ ಡೊಮೇನ್, ಯಾರ ಹೆಸರಿನಲ್ಲಿದೆ? ಪಾಸ್‌ವರ್ಡ್ ಯಾರ ಕೈಯಲ್ಲಿದೆ? ಹೊಲ ಉಳುವವರು ನಾವು, ಪಹಣಿ ಬೇರೆಯವರ ಹೆಸರಿನಲ್ಲಿ ಎಂದಾಗಬಾರದು. ಪ್ರತಿ ವರ್ಷ ಅದನ್ನು ನವೀಕರಿಸುವ ತಾರೀಕು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ.

ಫಲ ಎಷ್ಟು ಬಂತು?

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬರೀ 'ಸೋನಾ ಮಸೂರಿ ಅಕ್ಕಿ' ಎಂದು ಹುಡುಕಿದರೆ ಇವತ್ತಿಗೂ ನಾನು ಕಾಣುವುದಿಲ್ಲ. ಅಲ್ಲಿ ದೊಡ್ಡ ಕಂಪೆನಿಗಳದೇ ಸಾಲು. ಅವರ ಜೊತೆ ಗುದ್ದಾಡುವುದು ನಮ್ಮ ಕೆಲಸವಲ್ಲ. 'ಸಿಂಧನೂರು ರೈತರಿಂದ ಅಕ್ಕಿ', 'ಕಡಿಮೆ ಪಾಲಿಶ್ ಬಿಪಿಟಿ ಅಕ್ಕಿ ಮಸ್ಕಿ' ಎಂದು ಬಿಡಿಸಿ ಕೇಳುವವರಿಗೆ ಸಿಗುತ್ತೇನೆ. ಹಾಗೆ ಕೇಳುವವರು ಕಡಿಮೆ. ಆದರೆ ಅವರು ನೋಡಿ ಹೋಗುವವರಲ್ಲ, ಕೊಳ್ಳಲೆಂದೇ ಬಂದವರು.

ಮೊದಲ ಫೋನ್ ಬಂದದ್ದು ಗುರುತು ತೆಗೆದ ಮೂರನೇ ತಿಂಗಳಿಗೆ. ಧಾರವಾಡದ ಒಬ್ಬ ನಿವೃತ್ತ ಮಾಸ್ತರರು. "ನಿಮ್ಮ ಅಕ್ಕಿ ಎಷ್ಟು ದಿನದ್ದು ಅಂತ ಬರದೀರಿ ನೋಡ್ರಿ, ಅದು ಛಲೋ ಅನ್ನಿಸ್ತು" ಎಂದರು. ಒಂದು ಚೀಲ ತರಿಸಿದರು. ಆಮೇಲೆ ಅವರ ಓಣಿಯ ಮೂರು ಮನೆಯವರು. ಕಳೆದ ಸುಗ್ಗಿಯಲ್ಲಿ ಸೈಟ್ ನೋಡಿ ಬಂದವರಿಗೆ 25 ಕಿಲೋದ 62 ಚೀಲ ಹೋಯಿತು. ಉಳಿದ ಭತ್ತ ಹಳೆಯ ದಾರಿಯಲ್ಲಿ ಅಡ್ತಿಗೇ ಹೋಗಿದೆ. ನಾಲ್ಕು ಎಕರೆಯ ಬೆಳೆಗೆ ಇದು ದೊಡ್ಡ ಪಾಲೇನೂ ಅಲ್ಲ. ಆದರೆ ಅಷ್ಟರ ಮಟ್ಟಿಗೆ ರೇಟು ಹೇಳಿದವನು ನಾನು.

ಸರ್ಚ್ ಕನ್ಸೋಲಿನಲ್ಲಿ ಜನ ಯಾವ ಶಬ್ದ ಹಾಕಿ ನಮ್ಮ ಪುಟ ಕಂಡರು ಎಂಬುದೂ ಕಾಣುತ್ತದೆ. ತಿಂಗಳಿಗೊಮ್ಮೆ ನೋಡುತ್ತೇನೆ. ಅಲ್ಲಿ 'ಸಕ್ಕರೆ ಕಾಯಿಲೆಗೆ ಯಾವ ಅಕ್ಕಿ' ಎಂದು ಕೇಳಿದವರಿದ್ದರು. ಅದಕ್ಕೆ ಪುಟ ಬರೆದರೆ ಗಿರಾಕಿ ಬರಬಹುದು, ಆದರೆ ಅದು ವೈದ್ಯರು ಹೇಳುವ ಮಾತು. ಬರೆಯಲಿಲ್ಲ. 'ಹಳೆ ಅಕ್ಕಿ ಅಂದರೆ ಎಷ್ಟು ತಿಂಗಳು' ಎಂದು ಕೇಳಿದವರಿದ್ದರು. ಅದು ನನಗೆ ಗೊತ್ತು, ಬರೆದೆ.

ನಿಮ್ಮದೊಂದು ಸೈಟ್ ಇದ್ದರೆ ಇವತ್ತೇ ಒಮ್ಮೆ ತೆರೆದು ಮೊದಲ ಸಾಲು ಓದಿ. ಗುರುತಿಲ್ಲದವರು ಅದೊಂದೇ ಸಾಲು ನೋಡಿದರೆ ನೀವು ಏನು ಬೆಳೆಯುತ್ತೀರಿ, ಯಾವ ಊರಿನವರು ಎಂದು ತಿಳಿಯುತ್ತದೆಯೇ? ತಿಳಿಯದಿದ್ದರೆ ಕೆಲಸ ಅಲ್ಲಿಂದಲೇ ಶುರುವಾಗಲಿ.

ನೆನಪಿಗೆ

• ಗೂಗಲಿನ ಪಟ್ಟಿಯಲ್ಲಿ ನಿಮ್ಮ ಸೈಟ್ ಇದೆಯೇ? ಮೊದಲು ಪರೀಕ್ಷಿಸಿ. 'ಪಟ್ಟಿಗೆ ಬೇಡ' ಎಂಬ ಗುರುತು ತೆಗೆಸಿ.
• ಸರ್ಚ್ ಕನ್ಸೋಲಿನಲ್ಲಿ ನಿಮ್ಮ ಹೆಸರಿನಲ್ಲೇ ನೋಂದಾಯಿಸಿ, ಸೈಟ್‌ಮ್ಯಾಪ್ ಕೊಡಿ.
• ಪ್ರತಿ ಪುಟಕ್ಕೂ ಬೇರೆ ಟೈಟಲ್. ಅದರಲ್ಲಿ ಸರಕು ಮತ್ತು ಊರು ಇರಲಿ.
• ಒಂದು ಸರಕಿಗೆ ಒಂದು ಪುಟ. ಗಿರಾಕಿ ಕೇಳುವ ಪ್ರಶ್ನೆಗಳೇ ಉಪಶೀರ್ಷಿಕೆ.
• ಕನ್ನಡ ಯೂನಿಕೋಡಿನಲ್ಲಿರಲಿ. ದರ, ಫೋನ್ ನಂಬರು ಚಿತ್ರದೊಳಗೆ ಬೇಡ.
• ಫೋಟೋ ಹಗುರ ಮಾಡಿ, ಆಲ್ಟ್ ಸಾಲು ಬರೆಯಿರಿ. ಫೋನಿನಲ್ಲೇ ತೆರೆದು ನೋಡಿ.
• ಎಲ್ಲ ಪುಟಕ್ಕೂ ಲಿಂಕ್ ಇರಲಿ.
• ದರದ ಜೊತೆ ತಾರೀಕು ಹಾಕಿ. ಸರಕು ಮುಗಿದರೆ 'ಮುಗಿದಿದೆ, ಮುಂದಿನ ಸುಗ್ಗಿಗೆ' ಎಂದು ಬರೆಯಿರಿ. ಪುಟ ಅಳಿಸಬೇಡಿ.
• ಮೊದಲ ನಂಬರಿನ ಗ್ಯಾರಂಟಿ ಕೊಡುವವರಿಗೆ ದುಡ್ಡು ಕೊಡಬೇಡಿ.